ಕನ್ನಡ ಓದುಗನಿಗೆ ಒಪ್ಪುವ ಇ-ರೀಡರು ಯಾವುದು?

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ಅಂಜನಾಪುರದಿಂದ ನಗರದ ನಡುಭಾಗದ ಕಾಲೇಜುಗಳಿಗೆ ಪ್ರತಿದಿನವೂ ಹೋಗಿಬರುವ ವಿದ್ಯಾರ್ಥಿಗಳು ಅನೇಕರಿದ್ದಾರೆ. 2021ರ ಜನವರಿಯಲ್ಲಿ ಮೆಟ್ರೋ ರೈಲಿನ ಹಸಿರು ಮಾರ್ಗವು ಯಲಚೇನಹಳ್ಳಿಯಿಂದ ಮುಂದಕ್ಕೆ ಬೆಳೆದು, ಕನಕಪುರ ರಸ್ತೆಯಗುಂಟ ರೇಷ್ಮೆ ಸಂಸ್ಥೆಯ ನಿಲ್ದಾಣವನ್ನು ಮುಟ್ಟಿತು. ಅಲ್ಲಿಂದ ಮೆಜೆಸ್ಟಿಕ್ಕಿನ ನಾಡಪ್ರಭು ಕೆಂಪೇಗೌಡ ನಿಲ್ದಾಣದವರೆಗೆ ಹೋಗಲು ಅರ್ಧ ಗಂಟೆಯಾದರೂ ಬೇಕು. ಹೋಗಿಬರುವ ಕಾಲವನ್ನು ಕೂಡಿದರೆ ದಿನಕ್ಕೆ ಒಂದು ಗಂಟೆಯಾಗುವುದು. ವರ್ಷಕ್ಕೆ 200 ದಿನ ಕಾಲೇಜು ನಡೆಯುವುದೆಂದೂ, ಗಂಟೆಗೆ 30 ಪುಟ ಓದಬಹುದೆಂದೂ ಇಟ್ಟುಕೊಳ್ಳೋಣ. ವರ್ಷದಲ್ಲಿ 6,000 ಪುಟಗಳಾದುವು. ಅಂದರೆ 200 ಪುಟಗಳ 30 ಪುಸ್ತಕಗಳು. ಯಾರ ನಿದ್ರೆಗೂ ಪಾಠಕ್ಕೂ ಆಟಕ್ಕೂ ಕುಂದು ಬಾರದಂತೆ, ಪ್ರಯಾಣದಲ್ಲಿಯೇ ಮುಗಿಸಬಹುದಾದ ಓದು ಇಷ್ಟಿದೆ!

ಆದರೆ ಬೆಳಗಿನ ರೈಲಿನಲ್ಲಿ ಕುಳಿತು ಓದುವ ಭಾಗ್ಯವು ಎಲ್ಲರಿಗೂ ಇಲ್ಲ. ಒಂದು ಕೈ ಮೇಲಿನ ಹಿಡಿಕೆಯನ್ನು ಹಿಡಿದಿರಬೇಕು. ಉಳಿದ ಒಂದೇ ಕೈಯಲ್ಲಿ ದಪ್ಪ ಕಾದಂಬರಿಯನ್ನು ಬಿಡಿಸಿ ಹಿಡಿದು ಹಾಳೆ ಮಗುಚುವುದು ಸಾಧ್ಯವೆ? ಇಂತಹ ಎಡೆಯಲ್ಲಿಯೇ ಇ-ರೀಡರು ಎಂಬ ಹಗುರವಾದ ಓದುಯಂತ್ರವು ಆಕರ್ಷಕವಾಗಿ ತೋರುವುದು. ಸುಮಾರು 200 ಗ್ರಾಂ ತೂಕದ, ಅಂಗೈಗೆ ಹಿಡಿಸುವ ಹಲಗೆಯಲ್ಲಿ ಸಾವಿರಾರು ಪುಸ್ತಕಗಳು! ಹೀಗಾಗಿ "ಯಾವ ಇ-ರೀಡರನ್ನು ಕೊಳ್ಳಲಿ?" ಎಂಬ ಪ್ರಶ್ನೆಯು ವಿದ್ಯಾರ್ಥಿಗಳಲ್ಲಿ ಹುಟ್ಟುವುದು ಸಹಜ.

ಈ ಪ್ರಶ್ನೆಗೆ ಅಂಗಡಿಯವರು ಕೊಡುವ ಉತ್ತರಗಳು ನಮಗೆ ತಿಳಿದೇ ಇವೆ. ಪರದೆಯ ಅಳತೆ, ಬ್ಯಾಟರಿಯ ಬಾಳಿಕೆ, ನೀರು ತಾಗಿದರೆ ಕೆಡದಿರುವ ಗುಣ, ಬೆಲೆ, ಇವನ್ನು ಅವರು ಪಟ್ಟಿಮಾಡಿ ಹೇಳುತ್ತಾರೆ. ಇವೆಲ್ಲವೂ ಬೇಕಾದ ಮಾತುಗಳೇ. ಆದರೆ ಈ ಪಟ್ಟಿಗಳು ಇಂಗ್ಲಿಷನ್ನು ಓದುವವರಿಗಾಗಿ ಸಿದ್ಧವಾದವು. ಕನ್ನಡವನ್ನು ಓದುವವನು ಕೇಳಬೇಕಾದ ಮೊದಲ ಪ್ರಶ್ನೆಯೇ ಬೇರೆ: ಈ ಯಂತ್ರಕ್ಕೆ ಕನ್ನಡದ ಒತ್ತಕ್ಷರವನ್ನು ಬರೆಯಲು ಬರುವುದೇ? ಮತ್ತು ನಾನು ಓದಬಯಸುವ ಕನ್ನಡ ಪುಸ್ತಕವು ಅದರೊಳಗೆ ಅಕ್ಷರವಾಗಿ ಸೇರುವುದೇ, ಇಲ್ಲವೆ ಬರಿಯ ಚಿತ್ರವಾಗಿಯೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯದೆ ಹಣ ಕೊಡಬಾರದೆಂಬುದು ಈ ಲೇಖನದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ವಿಚಾರಿಸೋಣ.

ಕಾಗದವನ್ನು ಹೋಲುವ ಪರದೆ

ಮೊದಲು ಯಂತ್ರದ ಹೃದಯವಾದ ಪರದೆಯನ್ನು ನೋಡೋಣ. ಮೊಬೈಲ್ ಫೋನಿನ ಪರದೆಯು ದೀಪದಂತೆ ತಾನೇ ಬೆಳಕನ್ನು ಸೂಸುತ್ತದೆ. ಇ-ರೀಡರಿನ ಪರದೆಯಾದರೋ ಕಾಗದದಂತೆ ಹೊರಗಿನಿಂದ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ. ಇದರೊಳಗೆ ಕೂದಲೆಳೆಯ ದಪ್ಪದಷ್ಟೇ ಗಾತ್ರವುಳ್ಳ ಲಕ್ಷಾಂತರ ಸೂಕ್ಷ್ಮ ಗುಳಿಗೆಗಳಿವೆ. ಒಂದೊಂದು ಗುಳಿಗೆಯಲ್ಲಿಯೂ ತಿಳಿಯಾದ ದ್ರವ. ಆ ದ್ರವದಲ್ಲಿ ಬಿಳಿಯ ಕಣಗಳು ಮತ್ತು ಕರಿಯ ಕಣಗಳು. ಬಿಳಿಯ ಕಣಗಳು ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿಯೂ ಇರುವ ಟೈಟಾನಿಯಮ್ ಡೈಆಕ್ಸೈಡಿನವು. ಬಿಳಿಯ ಕಣಗಳಿಗೆ ಒಂದು ಬಗೆಯ ವಿದ್ಯುದಂಶ, ಕರಿಯ ಕಣಗಳಿಗೆ ಅದಕ್ಕೆ ವಿರುದ್ಧವಾದ ವಿದ್ಯುದಂಶ. ಗುಳಿಗೆಯ ಕೆಳಗೂ ಮೇಲೂ ಇರುವ ತೆಳುವಾದ ವಾಹಕಗಳ ನಡುವೆ ವಿದ್ಯುತ್ತಿನ ಒತ್ತಡವನ್ನು ಕೊಟ್ಟರೆ ಒಂದು ಬಣ್ಣದ ಕಣಗಳು ಮೇಲೇರುತ್ತವೆ, ಇನ್ನೊಂದು ಬಣ್ಣದವು ತಳ ಸೇರುತ್ತವೆ. ಕರಿಯ ಕಣಗಳು ಮೇಲೆ ಬಂದ ಎಡೆಯಲ್ಲಿ ಕರಿಯ ಚುಕ್ಕೆ. ಬಿಳಿಯವು ಬಂದ ಎಡೆಯಲ್ಲಿ ಬಿಳಿಯ ಚುಕ್ಕೆ. ಇಂತಹ ಚುಕ್ಕೆಗಳ ಜೋಡಣೆಯೇ ಅಕ್ಷರ.

ಇದರಲ್ಲಿ ಒಂದು ಸೊಗಸಿದೆ. ಒಮ್ಮೆ ಮೇಲೇರಿದ ಕಣಗಳು ವಿದ್ಯುತ್ತನ್ನು ನಿಲ್ಲಿಸಿದ ಮೇಲೂ ಅಲ್ಲಿಯೇ ನಿಲ್ಲುತ್ತವೆ. ಪುಟವನ್ನು ಮಗುಚುವಾಗ ಮಾತ್ರ ಪರದೆಗೆ ಶಕ್ತಿ ವ್ಯಯವಾಗುವುದೇ ಹೊರತು, ಪುಟವನ್ನು ತೋರಿಸಿಕೊಂಡಿರಲು ಬೇಕಾಗುವುದಿಲ್ಲ. ಆದುದರಿಂದಲೇ ಬ್ಯಾಟರಿಯು ದಿನಗಟ್ಟಲೆಯಲ್ಲ, ವಾರಗಟ್ಟಲೆ ಬಾಳುವುದು. ಇದಕ್ಕೆ ತೆರುವ ಬೆಲೆಯೂ ಉಂಟು: ದ್ರವದಲ್ಲಿ ಕಣಗಳು ಸರಿಯಲು ಸ್ವಲ್ಪ ಹೊತ್ತು ಹಿಡಿಯುವುದರಿಂದ ಪುಟ ಬದಲಾಗುವಾಗ ಪರದೆಯು ಒಮ್ಮೆ ಮಿನುಗುತ್ತದೆ. ಚಲಚ್ಚಿತ್ರವನ್ನು ನೋಡಲು ಇದು ಸಲ್ಲದು. ಓದುವವನ ಮಟ್ಟಿಗೆ ಇದೊಂದು ಗುಣವೆಂದೇ ಹೇಳಬಹುದು.

ಈ ಯೋಚನೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1970ರ ದಶಕದಲ್ಲಿಯೇ ಅಮೆರಿಕದ ಜೆರಾಕ್ಸ್ ಕಂಪೆನಿಯ ಪ್ರಯೋಗಾಲಯದಲ್ಲಿ ನಿಕೊಲಾಸ್ ಶೆರಿಡನ್ ಎಂಬುವರು ಅರ್ಧ ಕಪ್ಪು, ಅರ್ಧ ಬಿಳುಪಾದ ಕಿರುಗೋಲಿಗಳನ್ನು ಹೊರಳಿಸಿ ಬರೆಹ ಮೂಡಿಸುವ ಉಪಾಯವನ್ನು ಕಂಡಿದ್ದರು. ಗುಳಿಗೆಗಳ ಉಪಾಯವು ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಜೋಸೆಫ್ ಜೇಕಬ್‌ಸನ್ ಮತ್ತು ಅವರ ವಿದ್ಯಾರ್ಥಿಗಳ ಕೈಯಲ್ಲಿ ರೂಪುಗೊಂಡಿತು. 1997ರಲ್ಲಿ ಅದಕ್ಕಾಗಿ ಇ-ಇಂಕ್ ಕಂಪೆನಿಯು ಸ್ಥಾಪಿತವಾಯಿತು. 2004ರಲ್ಲಿ ಜಪಾನಿನಲ್ಲಿ ಸೋನಿ ಕಂಪೆನಿಯ ಲಿಬ್ರಿಯೆಯೂ, 2007ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅಮೆಜಾನಿನ ಕಿಂಡಲ್ಲೂ ಮಾರಾಟಕ್ಕೆ ಬಂದುವು.

ಬಿಸಿಲಿನಲ್ಲಿ ಈ ಪರದೆಯ ಮೇಲ್ಮೆಯು ಎದ್ದು ಕಾಣುವುದು. ಮನೆಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್ ಇದ್ದರೆ, ನಡುಹಗಲಿನ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಫೋನಿನ ದೀಪವು ಸೂರ್ಯನೊಡನೆ ಸ್ಪರ್ಧಿಸಲಾರದೆ ಮಂಕಾಗುವುದು. ಇ-ರೀಡರಿನ ಪುಟವು ಸೂರ್ಯನ ಬೆಳಕನ್ನೇ ಬಳಸಿಕೊಂಡು ಇನ್ನಷ್ಟು ಬೆಳಗುವುದು. ಹಸಿರು ಮಾರ್ಗದ ರೈಲು ರೇಷ್ಮೆ ಸಂಸ್ಥೆಯಿಂದ ನ್ಯಾಷನಲ್ ಕಾಲೇಜಿನವರೆಗೆ ಎತ್ತರದ ಸೇತುವೆಯ ಮೇಲೆ ಬಿಸಿಲಿನಲ್ಲಿ ಓಡಿ, ಅನಂತರ ಕೃಷ್ಣರಾಜ ಮಾರುಕಟ್ಟೆಯ ಕಡೆಗೆ ಸುರಂಗವನ್ನು ಹೊಗುತ್ತದೆ. ಹೀಗೆ ಬೆಳಕು ಬದಲಾಗುವ ದಾರಿಯಲ್ಲಿ ಓದುವವನಿಗೆ, ಪುಟದ ಅಂಚಿನಿಂದ ಮಂದವಾದ ಬೆಳಕನ್ನು ಹರಿಸುವ ಪುಟ್ಟ ದೀಪಗಳಿರುವ ಯಂತ್ರವು ಅನುಕೂಲ.

ಕಣ್ಣಿಗೂ ನಿದ್ರೆಗೂ ಸಂಬಂಧಪಟ್ಟಂತೆ ಬಹಳ ಮಾತುಗಳು ಹರಡಿವೆ. ಅವನ್ನು ಎಚ್ಚರದಿಂದ ಕೇಳಬೇಕು. 2014ರಲ್ಲಿ ಬಾಸ್ಟನ್ನಿನ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮಲಗುವ ಮುನ್ನ ಯಂತ್ರದಲ್ಲಿ ಓದಿದವರಿಗೆ, ಅಚ್ಚಿನ ಪುಸ್ತಕವನ್ನು ಓದಿದಾಗ ಬರುವುದಕ್ಕಿಂತ ತಡವಾಗಿ ನಿದ್ರೆ ಬಂದಿತು. "ಇ-ರೀಡರು ನಿದ್ರೆಯನ್ನು ಕೆಡಿಸುತ್ತದೆ" ಎಂದು ಇದನ್ನು ಕುರಿತು ಸುದ್ದಿಯಾಯಿತು. ಆದರೆ ಅಲ್ಲಿ ಬಳಸಿದ್ದು ಬೆಳಕು ಸೂಸುವ ಟ್ಯಾಬ್ಲೆಟ್ಟೇ ಹೊರತು ಗುಳಿಗೆಗಳ ಪರದೆಯಲ್ಲ. ಪ್ರಯೋಗಕ್ಕೆ ಒಳಗಾದವರೂ 12 ಮಂದಿ ಮಾತ್ರ. ಹೆಸರು ಒಂದೇ ಆದಮಾತ್ರಕ್ಕೆ ವಸ್ತುವೂ ಒಂದೇ ಆಗುವುದಿಲ್ಲ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಮರೆಯಬಾರದು.

ಒತ್ತಕ್ಷರದ ಲೆಕ್ಕ

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಪರದೆಯ ನಯವನ್ನು ಒಂದು ಅಂಗುಲಕ್ಕೆ ಎಷ್ಟು ಚುಕ್ಕೆಗಳೆಂಬುದರಿಂದ ಅಳೆಯುತ್ತಾರೆ. ಅಗ್ಗದ ಹಳೆಯ ಮಾದರಿಗಳಲ್ಲಿ ಅಂಗುಲಕ್ಕೆ 167 ಚುಕ್ಕೆಗಳು, ಉತ್ತಮವಾದವುಗಳಲ್ಲಿ 300. "ಇಂಗ್ಲಿಷ್ ಪುಸ್ತಕವು 167ರಲ್ಲಿಯೂ ಚೆನ್ನಾಗಿಯೇ ಕಾಣುವುದಲ್ಲ, ಹೆಚ್ಚು ಹಣ ಏಕೆ ತೆರಬೇಕು?" ಎಂದು ಯಾರಾದರೂ ಕೇಳಬಹುದು. ಲೆಕ್ಕ ಹಾಕಿ ನೋಡೋಣ.

ಮುದ್ರಕರ ಅಳತೆಯಲ್ಲಿ 72 ಪಾಯಿಂಟುಗಳಿಗೆ ಒಂದು ಅಂಗುಲ. 12 ಪಾಯಿಂಟಿನ ಅಕ್ಷರಕ್ಕೆ ಮೇಲಿನಿಂದ ಕೆಳಗಿನವರೆಗೆ ಅಂಗುಲದ ಆರನೆಯ ಒಂದು ಪಾಲು ಎತ್ತರ ದೊರೆಯುವುದು. 300 ಚುಕ್ಕೆಗಳ ಪರದೆಯಲ್ಲಿ ಇದು 50 ಚುಕ್ಕೆಗಳಷ್ಟು. 167ರ ಪರದೆಯಲ್ಲಿ ಸುಮಾರು 28. ಇಂಗ್ಲಿಷಿನ ಚಿಕ್ಕಕ್ಷರವು ಈ ಎತ್ತರದ ಸುಮಾರು ಅರ್ಧವನ್ನು ತಾನೊಂದೇ ಆಕ್ರಮಿಸಿಕೊಂಡು ನೆಮ್ಮದಿಯಾಗಿ ಕುಳಿತಿರುತ್ತದೆ. ಕನ್ನಡದ ಸ್ಥಿತಿ ಹಾಗಲ್ಲ. ಮೇಲೆ ಗುಡಿಸು, ನಡುವೆ ಮೂಲಾಕ್ಷರ, ಕೆಳಗೆ ಒತ್ತು, ಇವೆಲ್ಲವೂ ಅದೇ ಎತ್ತರವನ್ನು ಹಂಚಿಕೊಳ್ಳಬೇಕು. ಒತ್ತಿಗೆ ಮೂರನೆಯ ಒಂದು ಪಾಲು ಸಿಕ್ಕಿತೆಂದರೆ 300ರ ಪರದೆಯಲ್ಲಿ 16 ಅಥವಾ 17 ಚುಕ್ಕೆಗಳಾದುವು. 167ರಲ್ಲಿ ಒಂಬತ್ತೇ ಚುಕ್ಕೆಗಳು. ಒಂಬತ್ತು ಚುಕ್ಕೆಗಳ ಎತ್ತರದಲ್ಲಿ ಥಕಾರದ ಒತ್ತಿಗೂ ಧಕಾರದ ಒತ್ತಿಗೂ ಇರುವ ಭೇದವನ್ನು ತೋರಿಸುವುದು ಸುಲಭವೆ? 'ರಾಷ್ಟ್ರ' ಎಂಬಲ್ಲಿ ಒಂದರ ಕೆಳಗೆ ಎರಡು ಒತ್ತುಗಳು ಕೂಡಬೇಕು. ಆದುದರಿಂದ ಇಂಗ್ಲಿಷ್ ಓದುಗನಿಗೆ ಭೋಗವೆನಿಸುವ ನಯವು ಕನ್ನಡ ಓದುಗನಿಗೆ ಅವಶ್ಯಕತೆ.

ಚುಕ್ಕೆಗಳಿದ್ದರೆ ಸಾಲದು, ಅವನ್ನು ಜೋಡಿಸುವ ಬುದ್ಧಿಯೂ ಯಂತ್ರಕ್ಕಿರಬೇಕು. ಯಂತ್ರವು ಅಕ್ಷರಗಳನ್ನು ಸಂಖ್ಯೆಗಳಾಗಿ ನೆನಪಿಟ್ಟುಕೊಳ್ಳುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆಯೆಂದು ಜಗತ್ತಿಗೆಲ್ಲ ಒಪ್ಪಿತವಾದ ಕೋಷ್ಟಕವೇ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಅದರಲ್ಲಿ ಸ್ಥಾನವಿದೆ. ಈ ಕೋಷ್ಟಕದಲ್ಲಿ ಒತ್ತಕ್ಷರಗಳಿಗೆ ಬೇರೆ ಸಂಖ್ಯೆಗಳಿಲ್ಲ. 'ಸ್ವಾತಂತ್ರ್ಯ' ಎಂಬ ಪದವು ಸಕಾರ, ಹಲಂತದ ಗುರುತು, ವಕಾರ, ದೀರ್ಘ, ತಕಾರ, ಸೊನ್ನೆ, ಮತ್ತೆ ತಕಾರ, ಹಲಂತ, ರಕಾರ, ಹಲಂತ, ಯಕಾರ ಎಂದು ಹನ್ನೊಂದು ಸಂಖ್ಯೆಗಳ ಸಾಲಾಗಿ ಇರುತ್ತದೆ. ಇವುಗಳಲ್ಲಿ ಯಾವುದು ಯಾವುದರ ಕೆಳಗೆ ಇಳಿಯಬೇಕು, ಯಾವುದು ಪಕ್ಕಕ್ಕೆ ಸರಿಯಬೇಕು ಎಂಬುದನ್ನು ತೋರಿಸುವ ಕ್ಷಣದಲ್ಲಿ ಯಂತ್ರವೇ ನಿರ್ಧರಿಸಬೇಕು. 'ಕರ್ನಾಟಕ' ಎಂಬಲ್ಲಿ ರಕಾರವು ಸಂಖ್ಯೆಗಳ ಸಾಲಿನಲ್ಲಿ ನಾಕಾರಕ್ಕಿಂತ ಮೊದಲು ಬರುತ್ತದೆ. ಬರೆಹದಲ್ಲಿಯಾದರೋ ಅದು ಅರ್ಕಾವೊತ್ತಾಗಿ ನಾಕಾರದ ಅನಂತರ ನಿಲ್ಲಬೇಕು. ಈ ಕೆಲಸವನ್ನು ಕಲಿಸದ ಯಂತ್ರದಲ್ಲಿ ಒತ್ತುಗಳು ಇಳಿಯದೆ ಅರ್ಧಾಕ್ಷರಗಳು ಸಾಲಾಗಿ ನಿಲ್ಲುತ್ತವೆ; ಅಕ್ಷರದ ರೂಪವೇ ಇಲ್ಲದ ಯಂತ್ರದಲ್ಲಿ ಪುಟವೆಲ್ಲ ಖಾಲಿ ಚೌಕಗಳಾಗುತ್ತದೆ. ನಮ್ಮ ನಾಡಿನ ಹೆಸರನ್ನೇ ನೆಟ್ಟಗೆ ಬರೆಯಲಾರದ ಯಂತ್ರಕ್ಕೆ ಎಷ್ಟು ಸಾವಿರ ಪುಸ್ತಕಗಳನ್ನು ಹೊರುವ ಶಕ್ತಿಯಿದ್ದರೇನು?

ಕಲ್ಲಚ್ಚು ಮತ್ತು ಅಚ್ಚುಮೊಳೆ

ಯಂತ್ರವು ಸರಿಯಾಗಿದೆ ಎನ್ನೋಣ. ಅದಕ್ಕೆ ಉಣಿಸುವ ಕನ್ನಡ ಪುಸ್ತಕವು ಯಾವ ರೂಪದಲ್ಲಿದೆ? ಇದನ್ನು ತಿಳಿಯಲು ಕನ್ನಡ ಮುದ್ರಣದ ಚರಿತ್ರೆಯ ಒಂದು ಘಟ್ಟವನ್ನು ನೆನೆಯುವುದು ಸಹಾಯಕ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವು 1843ರ ಜುಲೈ 1ರಂದು ಹೊರಬಂದುದು ಕಲ್ಲಚ್ಚಿನಲ್ಲಿ. ಆಗ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಕನ್ನಡದ ಅಚ್ಚುಮೊಳೆಗಳಿರಲಿಲ್ಲ. ಪುಟವನ್ನೆಲ್ಲ ಕೈಯಲ್ಲಿ ಬರೆದು, ಆ ಬರೆಹವನ್ನು ಕಲ್ಲಿನ ಮೇಲಿಳಿಸಿ, ಒತ್ತಿ ತೆಗೆಯುತ್ತಿದ್ದರು. ಕಲ್ಲಿನ ಮೇಲೆ ಇದ್ದುದು ಅಕ್ಷರಗಳಲ್ಲ, ಇಡೀ ಪುಟದ ಚಿತ್ರ. ಅದರಿಂದ ಒಂದು ಅಕ್ಷರವನ್ನು ಕಿತ್ತು ಇನ್ನೊಂದೆಡೆ ಇಡುವಂತಿಲ್ಲ. ಸಾಲನ್ನು ಗಿಡ್ಡ ಮಾಡುವಂತಿಲ್ಲ. ಮರುವರ್ಷವೇ ಸಂಪಾದಕರಾದ ಹರ್ಮನ್ ಮೋಗ್ಲಿಂಗ್ ಅವರು ಪತ್ರಿಕೆಯನ್ನು ಮೊಳೆಯಚ್ಚಿನ ಸೌಕರ್ಯವಿದ್ದ ಬಳ್ಳಾರಿಗೆ ಸಾಗಿಸಿದರು. ಮೊಳೆಗಳಾದರೋ ಬಿಡಿಬಿಡಿ, ಇಂದು ಒಂದು ಪುಟವಾಗಿ ಕೂಡಿದವು ನಾಳೆ ಬೇರೊಂದು ಅಳತೆಯ ಪುಟವಾಗಬಲ್ಲವು.

ಇಂದಿನ ಇ-ಪುಸ್ತಕಗಳಲ್ಲಿಯೂ ಇವೇ ಎರಡು ಜಾತಿಗಳಿವೆ. ಅಚ್ಚಾದ ಪುಸ್ತಕದ ಪುಟಗಳನ್ನು ಛಾಯಾಚಿತ್ರದಂತೆ ತೆಗೆದು ಕೂಡಿಸಿದ ಪಿಡಿಎಫ್ ಕಡತವು ಕಲ್ಲಚ್ಚಿನ ಮರುಹುಟ್ಟು. ಯೂನಿಕೋಡ್ ಅಕ್ಷರಗಳಿಂದ ಕಟ್ಟಿದ ಇ-ಪಬ್ ಪುಸ್ತಕವು ಅಚ್ಚುಮೊಳೆಯ ಮರುಹುಟ್ಟು. ಎರಡನೆಯದರಲ್ಲಿ ಅಕ್ಷರವನ್ನು ದೊಡ್ಡದು ಮಾಡಿದರೆ ಸಾಲುಗಳು ತಾವಾಗಿಯೇ ಮುರಿದು ಹೊಸದಾಗಿ ಹರಿಯುತ್ತವೆ. ಬೇಕಾದ ಪದವನ್ನು ಹುಡುಕಬಹುದು. ಕಣ್ಣು ಕಾಣದವರಿಗೆ ಯಂತ್ರವು ಗಟ್ಟಿಯಾಗಿ ಓದಿ ಹೇಳಬಹುದು. ಮೊದಲನೆಯದರಲ್ಲಿ ಇವಾವುವೂ ಸಾಧ್ಯವಿಲ್ಲ.

ಇವೆರಡರ ನಡುವೆ ಮೂರನೆಯ ಜಾತಿಯೊಂದು ಕನ್ನಡದಲ್ಲಿ ಬೆಳೆದಿದೆ. ಯೂನಿಕೋಡಿನ ಬಳಕೆ ವ್ಯಾಪಕವಾಗುವ ಮುನ್ನ ಗಣಕದಲ್ಲಿ ಕನ್ನಡವನ್ನು ಬರೆಯಲು ನಮ್ಮವರು ಬಹು ಶ್ರಮಪಟ್ಟು ಉಪಾಯಗಳನ್ನು ಕಂಡುಕೊಂಡರು. 1998ರಲ್ಲಿ ಹೊರಬಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಇವುಗಳಿಂದ ನಾಡಿಗೆ ಆದ ಉಪಕಾರವು ದೊಡ್ಡದು. ಆದರೆ ಆ ಕಾಲದ ಅವುಗಳ ಅಕ್ಷರವಿನ್ಯಾಸಗಳಲ್ಲಿ, ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮನೆಗಳಲ್ಲಿಯೇ ಕನ್ನಡದ ತುಂಡುರೂಪಗಳನ್ನು ಕೂರಿಸಬೇಕಾಗಿತ್ತು. ಅದೇ ಅಕ್ಷರವಿನ್ಯಾಸವಿರುವ ಗಣಕದಲ್ಲಿ ಪುಟವು ಅಚ್ಚುಕಟ್ಟಾಗಿ ಕಾಣುವುದು. ಬೇರೆ ಯಂತ್ರಕ್ಕೆ ಸಾಗಿಸಿದೊಡನೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗುವುದು. ಅನೇಕ ಪ್ರಕಾಶಕರಲ್ಲಿರುವ ಹಳೆಯ ಕಡತಗಳು ಈ ಜಾತಿಯವು. ಇವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಈಗ ದೊರೆಯುತ್ತವೆ. ಪರಿವರ್ತಿಸಿ, ಕರಡು ತಿದ್ದಿ, ಪ್ರಕಟಿಸುವ ಮನಸ್ಸು ಬೇಕು.

ಪುಟದ ಅಗಲವೂ ಕಿಸೆಯ ಅಳತೆಯೂ

"ಚಿತ್ರವಾದರೇನು, ಕಣ್ಣಿಗೆ ಕಂಡರೆ ಸಾಕಲ್ಲ" ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು. ಸಾಮಾನ್ಯವಾದ ಆರು ಅಂಗುಲದ ಇ-ರೀಡರೆಂದರೆ ಕರ್ಣದ ಅಳತೆ ಆರು ಅಂಗುಲ, ಅಗಲ 3.6, ಎತ್ತರ 4.8 ಅಂಗುಲ ಮಾತ್ರ. ಕನ್ನಡ ಕಾದಂಬರಿಗಳು ಬಹುವಾಗಿ ಅಚ್ಚಾಗುವ ಡೆಮಿ ಅಷ್ಟಪತ್ರದ ಅಗಲ ಸುಮಾರು 5.5 ಅಂಗುಲ. ಈ ಪುಟದ ಚಿತ್ರವನ್ನು 3.6 ಅಂಗುಲಕ್ಕೆ ಕುಗ್ಗಿಸಿದರೆ 12 ಪಾಯಿಂಟಿನ ಅಕ್ಷರವು 8 ಪಾಯಿಂಟಿಗೂ ಒಂದಿಷ್ಟು ಕಡಿಮೆಯಾಗುವುದು. ಅಂಚಿನ ಬಿಳಿಯನ್ನು ಕತ್ತರಿಸಿದರೆ ತುಸು ಸುಧಾರಿಸೀತು. ಪ್ರಶ್ನಪತ್ರಿಕೆಗಳೂ ಟಿಪ್ಪಣಿಗಳೂ ಇರುವ ಎ-4 ಹಾಳೆಯ ಅಗಲ 8.27 ಅಂಗುಲ, ಅದನ್ನು ಕುಗ್ಗಿಸಿದರೆ ಅಕ್ಷರವು 5 ಪಾಯಿಂಟಿಗೆ ಇಳಿಯುವುದು. ಔಷಧಿಯ ಪೊಟ್ಟಣದ ಬೆನ್ನಿನ ಮೇಲಿನ ಬರೆಹದಂತಹ ಅಕ್ಷರದಲ್ಲಿ, ಅಲುಗಾಡುವ ರೈಲಿನಲ್ಲಿ, ಒತ್ತಕ್ಷರಗಳನ್ನು ಯಾರು ಓದಬಲ್ಲರು?

ಆದುದರಿಂದ ಪುಟಚಿತ್ರಗಳನ್ನೇ ಓದಬೇಕಾದವನು 7.8 ಅಂಗುಲದ ಯಂತ್ರವನ್ನು ಆರಿಸಬೇಕಾಗುವುದು. ಅದರ ಅಗಲ ಸುಮಾರು 4.7 ಅಂಗುಲವಾದುದರಿಂದ ಡೆಮಿ ಪುಟದ ಅಕ್ಷರವು 10 ಪಾಯಿಂಟಿನಷ್ಟಾದರೂ ಉಳಿಯುವುದು. ಎ-4 ಹಾಳೆಗಳಿಗೆ 10.3 ಅಂಗುಲದ ಯಂತ್ರವೇ ಬೇಕು. ಗಾತ್ರ ಏರಿದಂತೆ ಬೆಲೆಯೂ ಏರುವುದು, ಒಂದೇ ಕೈಯಲ್ಲಿ ಹಿಡಿಯುವ ಸೌಕರ್ಯವು ಇಳಿಯುವುದು. ಅದೇ ಪುಸ್ತಕವು ಯೂನಿಕೋಡ್ ಅಕ್ಷರಗಳಲ್ಲಿದ್ದರೆ ಆರು ಅಂಗುಲದ ಹಲಗೆಯೇ ಧಾರಾಳವಾಗಿ ಸಾಕು. ಪ್ರಕಾಶಕನು ಅಕ್ಷರದ ಬದಲು ಚಿತ್ರವನ್ನು ಕೊಟ್ಟದ್ದರಿಂದ ಓದುಗನ ಕಿಸೆಗೆ ಬೀಳುವ ತೆರಿಗೆ ಇದು.

ಪುಸ್ತಕದ ಒಡೆಯ ಯಾರು?

ಇನ್ನೊಂದು ಪ್ರಶ್ನೆ ಉಳಿದಿದೆ. 2016ರ ಕೊನೆಯಲ್ಲಿ ಅಮೆಜಾನ್ ಕಂಪೆನಿಯು ತನ್ನ ಕಿಂಡಲ್ ಮಳಿಗೆಯಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳ ವಿಭಾಗವನ್ನು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾಷೆಗಳನ್ನು ಸೇರಿಸಿಕೊಂಡಿತು. ಕನ್ನಡಕ್ಕೆ ಆ ಪಂಕ್ತಿಯಲ್ಲಿ ಎಲೆ ಹಾಕಲಿಲ್ಲ. ಕನ್ನಡಿಗರು ಕೈಕಟ್ಟಿ ಕುಳಿತಿರಲಿಲ್ಲ. 2020ರಲ್ಲಿ ಮೈಲ್ಯಾಂಗ್‌ನಂತಹ ಕನ್ನಡದ್ದೇ ಇ-ಪುಸ್ತಕ ಮಳಿಗೆಯು ಆರಂಭವಾಯಿತು. ಆದರೆ ಇಂತಹ ಮಳಿಗೆಗಳ ಪುಸ್ತಕಗಳನ್ನು ಅವುಗಳ ಆ್ಯಪಿನ ಮೂಲಕ ಫೋನಿನಲ್ಲಿ ಓದಬೇಕಾಗುವುದು. ಕಾಗದದಂತಹ ಪರದೆಯ ಮೇಲೆ ಅವನ್ನು ಓದಬೇಕಾದರೆ, ಆಂಡ್ರಾಯ್ಡ್ ವ್ಯವಸ್ಥೆಯಿಂದ ನಡೆಯುವ ಇ-ರೀಡರೇ ಬೇಕು. ಹೀಗೆ ಕನ್ನಡ ಓದುಗನಿಗೆ, ಒಂದೇ ಮಳಿಗೆಗೆ ಕಟ್ಟುಬಿದ್ದ ಯಂತ್ರಕ್ಕಿಂತ, ಎಲ್ಲಿಂದ ತಂದ ಪುಸ್ತಕವನ್ನಾದರೂ ಬರಮಾಡಿಕೊಳ್ಳುವ ಯಂತ್ರವು ಹೆಚ್ಚು ಉಪಯುಕ್ತ.

ಮಳಿಗೆಗೆ ಕಟ್ಟುಬೀಳುವುದರ ಅಪಾಯಕ್ಕೆ ನಿದರ್ಶನಗಳಿವೆ. 2009ರ ಜುಲೈಯಲ್ಲಿ ಅಮೆಜಾನ್ ಕಂಪೆನಿಯು, ಹಕ್ಕಿಲ್ಲದವರು ಮಾರಾಟಕ್ಕಿಟ್ಟಿದ್ದರೆಂಬ ಕಾರಣದಿಂದ, ಜಾರ್ಜ್ ಆರ್ವೆಲ್ಲನ ಎರಡು ಕಾದಂಬರಿಗಳನ್ನು ಕೊಂಡವರ ಯಂತ್ರಗಳಿಂದಲೇ ದೂರದಿಂದ ಅಳಿಸಿಹಾಕಿತು, ಹಣವನ್ನೇನೋ ಹಿಂದಿರುಗಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ ಅಲ್ಲಿ ಕೊಂಡ ಪುಸ್ತಕಗಳೆಲ್ಲ ತೆರೆಯದಾದುವು. 2025ರ ಫೆಬ್ರವರಿಯಲ್ಲಿ ಅಮೆಜಾನ್ ಕಂಪೆನಿಯು, ಕೊಂಡ ಪುಸ್ತಕವನ್ನು ಗಣಕಕ್ಕೆ ಇಳಿಸಿಕೊಂಡು ತಂತಿಯ ಮೂಲಕ ಯಂತ್ರಕ್ಕೆ ಸಾಗಿಸುವ ಸೌಲಭ್ಯವನ್ನು ನಿಲ್ಲಿಸಿತು. ಗಾಂಧಿ ಬಜಾರಿನಲ್ಲಿ ಕೊಂಡ ಪುಸ್ತಕವನ್ನು ಅಂಗಡಿಯವನು ರಾತ್ರಿ ಬಂದು ಕಪಾಟಿನಿಂದ ಎತ್ತಿಕೊಂಡು ಹೋಗಲಾರ. ತಂಗಿಗೆ ಓದಲು ಕೊಡಬೇಡವೆಂದು ತಡೆಯಲಾರ. ಇ-ಪುಸ್ತಕದಲ್ಲಿ ನಾವು ಕೊಳ್ಳುವುದು ಬಹುಪಾಲು ಓದುವ ಅನುಮತಿಯನ್ನೇ ಹೊರತು ಪುಸ್ತಕವನ್ನಲ್ಲ.

ಇದಕ್ಕೆ ಹೊರತಾದ ದೊಡ್ಡ ನಿಧಿಯೊಂದಿದೆ. ಭಾರತದ ಕಾನೂನಿನಂತೆ ಲೇಖಕನು ತೀರಿಕೊಂಡ ವರ್ಷದ ಕೊನೆಯಿಂದ 60 ವರ್ಷಗಳಾದ ಮೇಲೆ ಅವನು ಬದುಕಿದ್ದಾಗ ಪ್ರಕಟವಾದ ಕೃತಿಗಳು ಎಲ್ಲರ ಸ್ವತ್ತಾಗುತ್ತವೆ. ಮುದ್ದಣ, ಪಂಜೆ ಮಂಗೇಶರಾಯರು, ಬಿ. ಎಂ. ಶ್ರೀಕಂಠಯ್ಯನವರು, ಕೈಲಾಸಂ ಇವರ ಬರೆಹಗಳು ಹೀಗೆ ಮುಕ್ತವಾಗಿವೆ. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳ ಕೃತಿಗಳೂ, ಅದೇ ವರ್ಷ ಅಗಲಿದ ತ್ರಿವೇಣಿಯವರ ಕಾದಂಬರಿಗಳೂ 2024ರ ಆರಂಭದಿಂದ ನಮ್ಮೆಲ್ಲರವು. ಕನ್ನಡ ವಿಕಿಸೋರ್ಸಿನಲ್ಲಿ ಇಂತಹ ಮುಕ್ತ ಕೃತಿಗಳನ್ನು ಯೂನಿಕೋಡಿನಲ್ಲಿ ಕೂಡಿಸುವ ಕೆಲಸ ನಡೆದಿದೆ. ಅಲ್ಲಿಂದ ಇ-ಪಬ್ ರೂಪದಲ್ಲಿ ಇಳಿಸಿಕೊಂಡು ಯಂತ್ರದಲ್ಲಿ ಇಟ್ಟುಕೊಳ್ಳಬಹುದು. ಅದನ್ನು ಅಳಿಸುವ ಅಧಿಕಾರ ಯಾರಿಗೂ ಇಲ್ಲ.

ಹಾಗಾದರೆ ಮಾಡಬೇಕಾದುದೇನು?

ಮೊದಲನೆಯದಾಗಿ, ಕೊಳ್ಳಲೇಬೇಕೆ ಎಂದು ಕೇಳಿಕೊಳ್ಳಿರಿ. 2025ರ ಏಪ್ರಿಲಿನಲ್ಲಿ ಭಾರತದಲ್ಲಿ ಬಿಡುಗಡೆಯಾದ ಕಿಂಡಲ್ ಪೇಪರ್‌ವೈಟಿಗೆ ನಿಗದಿಯಾದ ಬೆಲೆ 16,999 ರೂಪಾಯಿ. 200 ರೂಪಾಯಿಗೊಂದರಂತೆ ಇದರಿಂದ ಸುಮಾರು 85 ಕನ್ನಡ ಪುಸ್ತಕಗಳನ್ನು ಕೊಳ್ಳಬಹುದು. ಪಠ್ಯಪುಸ್ತಕಗಳ ಮಟ್ಟಿಗೆ ಕಾಗದವೇ ಮೇಲೆಂಬುದಕ್ಕೆ ಆಧಾರವೂ ಇದೆ: 2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 54 ಅಧ್ಯಯನಗಳನ್ನು ಕೂಡಿಸಿ ತೂಗಿ, ವಿಷಯವನ್ನು ತಿಳಿಸುವ ಗದ್ಯವನ್ನು, ಅದರಲ್ಲಿಯೂ ಕಾಲದ ಮಿತಿಯಲ್ಲಿ ಓದುವಾಗ, ಪರದೆಗಿಂತ ಕಾಗದದ ಮೇಲೆ ಗ್ರಹಿಕೆಯು ಉತ್ತಮವೆಂದೂ, ಕಥೆಗಳ ವಿಷಯದಲ್ಲಿ ಅಂತಹ ಭೇದವಿಲ್ಲವೆಂದೂ ಕಂಡಿತು. ಬಣ್ಣದ ಚಿತ್ರಗಳಿರುವ ಪಠ್ಯಗಳಿಗೆ ಚಿಕ್ಕ ಕಪ್ಪುಬಿಳುಪಿನ ಪರದೆಯು ಒಪ್ಪುವುದೂ ಇಲ್ಲ. ಕಥೆ, ಕಾದಂಬರಿ, ಪ್ರಬಂಧಗಳನ್ನು ದಿನವೂ ದಾರಿಯಲ್ಲಿ ಓದುವ ಅಭ್ಯಾಸ ಉಳ್ಳವರಿಗೆ ಮಾತ್ರ ಇ-ರೀಡರು ಲಾಭದಾಯಕ. ಅಷ್ಟು ಹಣವಿಲ್ಲದ ವಿದ್ಯಾರ್ಥಿಯು ಕುಗ್ಗಬೇಕಾದುದಿಲ್ಲ. ಯೂನಿಕೋಡಿನ ಇ-ಪಬ್ ಪುಸ್ತಕವು ಮನೆಯಲ್ಲಿರುವ ಫೋನಿನಲ್ಲಿಯೂ ಅಚ್ಚುಕಟ್ಟಾಗಿಯೇ ತೆರೆಯುವುದು, ಸಾರ್ವಜನಿಕ ಗ್ರಂಥಾಲಯದ ಬಾಗಿಲೂ ತೆರೆದೇ ಇದೆ.

ಕೊಳ್ಳುವುದೇ ಆದರೆ, ಗೆಳೆಯರ ಬಳಿಯಲ್ಲೋ ಅಂಗಡಿಯಲ್ಲೋ ಅದೇ ಮಾದರಿಯ ಯಂತ್ರವನ್ನು ಹಿಡಿದು ನಾಲ್ಕು ಪರೀಕ್ಷೆಗಳನ್ನು ಮಾಡಿರಿ. 'ಕರ್ನಾಟಕ', 'ರಾಷ್ಟ್ರ', 'ಸ್ವಾತಂತ್ರ್ಯ', 'ವೈಶಿಷ್ಟ್ಯ', 'ಸ್ತ್ರೀ' ಎಂಬ ಪದಗಳಿರುವ ಕನ್ನಡ ಇ-ಪಬ್ ಕಡತವೊಂದನ್ನು ಅದರಲ್ಲಿ ತೆರೆದು, ಒತ್ತುಗಳು ತಮ್ಮ ತಮ್ಮ ಸ್ಥಾನದಲ್ಲಿವೆಯೇ ನೋಡಿರಿ. ಅಕ್ಷರವನ್ನು ಎರಡು ಪಟ್ಟು ದೊಡ್ಡದು ಮಾಡಿ, ಸಾಲಿನ ಕೊನೆಯಲ್ಲಿ ಅಕ್ಷರದಿಂದ ಒತ್ತು ಬೇರ್ಪಡದೆ ಮುರಿಯುವುದೇ ಗಮನಿಸಿರಿ. ಒಂದು ಕನ್ನಡ ಪದವನ್ನು ಕೊಟ್ಟು ಪುಸ್ತಕದಲ್ಲಿ ಹುಡುಕಿಸಿರಿ. ನಿಮ್ಮದೇ ಕಡತವನ್ನು, ಯಾವ ಮಳಿಗೆಯ ಅಪ್ಪಣೆಯೂ ಇಲ್ಲದೆ, ತಂತಿಯ ಮೂಲಕ ಅದರೊಳಕ್ಕೆ ಸಾಗಿಸಲಾಗುವುದೇ ವಿಚಾರಿಸಿರಿ. ಈ ನಾಲ್ಕರಲ್ಲಿಯೂ ಗೆದ್ದ, ಅಂಗುಲಕ್ಕೆ 300 ಚುಕ್ಕೆಗಳುಳ್ಳ, ಆರು ಅಥವಾ ಏಳು ಅಂಗುಲದ ಯಂತ್ರವು ಯಾವ ಕಂಪೆನಿಯದಾದರೂ ಒಳ್ಳೆಯದೇ. ಮೊದಲನೆಯ ಪರೀಕ್ಷೆಯಲ್ಲಿಯೇ ಸೋತದ್ದನ್ನು ಎಷ್ಟು ಅಗ್ಗವಾದರೂ ಹಿಂದಕ್ಕೆ ಕೊಡಿರಿ.

ಇದು ಒಂದು ವಸ್ತುವಿನ ಆಯ್ಕೆಯಷ್ಟೇ ಎಂದು ತಿಳಿಯಬಾರದು. ಹದಿನಾರು ಹದಿನೇಳರ ವಯಸ್ಸಿನಲ್ಲಿ ಓದು ಯಾವ ಭಾಷೆಯಲ್ಲಿ ಸುಲಭವೋ ಆ ಭಾಷೆಯಲ್ಲಿ ಅಭ್ಯಾಸವು ಬೇರೂರುತ್ತದೆ. ಒಂದೇ ಹಲಗೆಯಲ್ಲಿ ಇಂಗ್ಲಿಷ್ ಕಾದಂಬರಿಯು ನಿರ್ಮಲವಾಗಿ ಹರಿದು, ಕನ್ನಡ ಕಾದಂಬರಿಯು ಮಸುಕಾದ ಚಿತ್ರವಾಗಿ ಕುಗ್ಗಿದರೆ, ಕನ್ನಡವನ್ನು ಬಿಡುವೆನೆಂದು ಯಾರೂ ಪ್ರತಿಜ್ಞೆ ಮಾಡಬೇಕಾಗಿಲ್ಲ. ಬೆರಳು ತಾನಾಗಿಯೇ ಸುಲಭವಾದ ಪುಟದ ಕಡೆಗೆ ಹೋಗುವುದು. ಒಂದು ತಲೆಮಾರಿನ ಓದು ಕೈಜಾರಲು ಇಷ್ಟೇ ಸಾಕು.

ಇದನ್ನು ತಡೆಯುವ ಕೆಲಸದಲ್ಲಿ ಪ್ರಕಾಶಕರಿಗೂ ಸರ್ಕಾರಕ್ಕೂ ಇರುವಂತೆ ವಿದ್ಯಾರ್ಥಿಗಳಿಗೂ ಪಾಲಿದೆ. ಪ್ರಕಾಶಕರು ಹೊಸ ಪುಸ್ತಕಗಳನ್ನು ಯೂನಿಕೋಡಿನಲ್ಲಿ ಕಟ್ಟಬೇಕು. ಸಾರ್ವಜನಿಕ ಹಣದಿಂದ ಸಿದ್ಧವಾಗುವ ಪ್ರತಿಯೊಂದು ಕನ್ನಡ ಗ್ರಂಥವೂ ಚಿತ್ರವಾಗಿಯಲ್ಲದೆ ಅಕ್ಷರವಾಗಿಯೂ ದೊರೆಯಬೇಕು. ಹಳೆಯ ಪುಸ್ತಕಗಳ ಪುಟಚಿತ್ರಗಳಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಗಳು ಈಗ ಕನ್ನಡಕ್ಕೂ ಬಂದಿವೆ. ಆದರೆ ಅವು ಒತ್ತಕ್ಷರಗಳಲ್ಲಿ ಎಡವುತ್ತವೆ, ಮನುಷ್ಯನ ಕಣ್ಣು ಅವನ್ನು ತಿದ್ದಬೇಕು. ವಿಕಿಸೋರ್ಸಿನಲ್ಲಿ ಒಂದು ಕಡೆ ಪುಟದ ಚಿತ್ರವೂ ಮತ್ತೊಂದು ಕಡೆ ಯಂತ್ರವು ಗುರುತಿಸಿದ ಬರೆಹವೂ ಇರುತ್ತವೆ. ಒಬ್ಬರು ತಿದ್ದಿದುದನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಇದಕ್ಕೆ ಪಾಂಡಿತ್ಯವು ಬೇಡ. ಕನ್ನಡವನ್ನು ತಪ್ಪಿಲ್ಲದೆ ಓದಬಲ್ಲ ಹೈಸ್ಕೂಲಿನ ಹುಡುಗ ಹುಡುಗಿಯರು ಸಾಕು. ಒಂದು ತರಗತಿಯ 40 ಮಂದಿ ವಾರಕ್ಕೆ ಒಂದೊಂದು ಪುಟವನ್ನು ತಿದ್ದಿದರೂ ಐದು ವಾರಗಳಲ್ಲಿ 200 ಪುಟಗಳ ಪುಸ್ತಕವೊಂದು ಕಲ್ಲಿನಿಂದ ಮೊಳೆಗೆ ಬರುವುದು. ಅಂಜನಾಪುರದ ಒಂದು ತರಗತಿಯು ಹೀಗೆ ಸಿದ್ಧಪಡಿಸಿದ ಪುಸ್ತಕವನ್ನು ಬೀದರಿನವರೂ ಓದಬಹುದು, ಕಾಸರಗೋಡಿನವರೂ ಓದಬಹುದು.